ಸ್ಕ್ಯಾಫೋಲ್ಡ್ ನಡುವೆ ಕೋಶ ಸಾಯುವುದು, ತುಂಡೆಲ್ಲ ಕೆಂಪಾಗುವುದು

5 ಮಿ.ಮೀ. ದಪ್ಪದ ಪಿಸಿಎಲ್–ಹೈಡ್ರಾಕ್ಸಿಅಪಟೈಟ್ (ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪ್ಲಾಸ್ಟಿಕ್ ಮತ್ತು ಮೂಳೆಯ ಖನಿಜ ಸೇರಿಸಿದ) ಸ್ಕ್ಯಾಫೋಲ್ಡ್‌ನಲ್ಲಿ, ಅಂದರೆ ಕೋಶ ಬೆಳೆಸುವ ರಂಧ್ರಭರಿತ ಚೌಕಟ್ಟಿನಲ್ಲಿ, ಮೂಳೆಮಜ್ಜೆಯ ಕಾಂಡಕೋಶಗಳು ಅಂಚಲ್ಲಷ್ಟೇ ಉಳಿಯುತ್ತವೆ, ಆದರೂ 21ನೇ ದಿನ ಅಲಿಝರಿನ್ ರೆಡ್ (ಕ್ಯಾಲ್ಸಿಯಂಗೆ ಹಿಡಿದು ಕೆಂಪಾಗುವ ಬಣ್ಣ) ಹಾಕಿದರೆ ಪೂರ್ತಿ ಕೆಂಪು, ಯಾಕೆ ಅಂತ ಕೇಳಿದ್ದೀರಿ.

ಮೊದಲು ಆ ಕೆಂಪನ್ನು ನಂಬಬೇಡಿ. ಹೈಡ್ರಾಕ್ಸಿಅಪಟೈಟ್‌ನಲ್ಲೇ ಕ್ಯಾಲ್ಸಿಯಂ ಇದೆ, ಬಣ್ಣ ಅದಕ್ಕೇ ಹಿಡಿಯುತ್ತೆ. ಕೋಶ ಹಾಕದ ತುಂಡೊಂದನ್ನು ಅದೇ ಮೀಡಿಯಂನಲ್ಲಿ (ಕೋಶ ಬೆಳೆಸುವ ಪೋಷಕ ದ್ರವ) 21 ದಿನ ಇಟ್ಟು ಹೋಲಿಸಿ, ಜೊತೆಗೆ ಮೂಳೆಕೋಶಗಳೇ ತಯಾರಿಸುವ ಪ್ರೋಟೀನ್ ಆಸ್ಟಿಯೋಕ್ಯಾಲ್ಸಿನ್ ಇದೆಯೇ ನೋಡಿ. ಖನಿಜ ಕೂರಲೆಂದು ಮೀಡಿಯಂಗೆ ಹಾಕುವ ಫಾಸ್ಫೇಟ್ ಮೂಲ ಬೀಟಾ-ಗ್ಲಿಸರೋಫಾಸ್ಫೇಟ್ ಅನ್ನು 10 ಮಿಲಿಮೋಲಾರ್ ದಾಟಿಸಬೇಡಿ. ಹೆಚ್ಚಾದರೆ ಕೋಶದ ಹಂಗಿಲ್ಲದೆ ಖನಿಜ ಕೂರುತ್ತೆ. ಸತ್ತ ಕೋಶದ ಮೇಲೂ ಕೂರುತ್ತೆ, ಅದೇ ದೊಡ್ಡ ಮೋಸ.

ನಡುಭಾಗದ ಸಾವಿಗೆ ಕಾರಣ ಆಮ್ಲಜನಕ. ಒತ್ತಾಗಿ ಕೋಶ ತುಂಬಿದಲ್ಲಿ ಅದು ಸುಮಾರು 0.1–0.2 ಮಿ.ಮೀ. ಮಾತ್ರ ಒಳಗಿಳಿಯುತ್ತೆ. ನೀವಿರುವ ಬೆಂಗಳೂರು 900 ಮೀಟರ್ ಎತ್ತರದಲ್ಲಿರೋದರಿಂದ ಮೀಡಿಯಂನಲ್ಲಿ ಕರಗುವ ಆಮ್ಲಜನಕವೂ ಕಡಲತೀರಕ್ಕಿಂತ ಸುಮಾರು ಶೇ. 10 ಕಡಿಮೆ. ದಪ್ಪವನ್ನು 2 ಮಿ.ಮೀ.ಗೆ ಇಳಿಸಿ, ಇಳಿಸಲಾಗದಿದ್ದರೆ ಪರ್ಫ್ಯೂಷನ್ (ಸ್ಕ್ಯಾಫೋಲ್ಡ್ ಮೂಲಕವೇ ಮೀಡಿಯಂ ಹರಿಸುವುದು) ಬೇಕು, ತಟ್ಟೆ ಅಲುಗಾಡಿಸುವ ಶೇಕರ್ ಸಾಲದು.

ಕೋಶಗಳ ಬಿತ್ತನೆಯನ್ನೂ (ಸ್ಕ್ಯಾಫೋಲ್ಡ್‌ಗೆ ಹಾಕುವ ರೀತಿ) ಪರೀಕ್ಷಿಸಿ. ಪಿಸಿಎಲ್ ನೀರು ಹೀರದು, ಹನಿ ಮೇಲೇ ಗುಂಡಗೆ ನಿಲ್ಲುತ್ತೆ. ಶೇ. 70 ಎಥನಾಲ್‌ನಲ್ಲಿ ನೆನೆಸಿ, ಗುಳ್ಳೆ ಹೋಗುವ ತನಕ ವ್ಯಾಕ್ಯೂಮ್ ಕೊಟ್ಟು, ಪಿಬಿಎಸ್‌ನಲ್ಲಿ (ಫಾಸ್ಫೇಟ್ ಇರುವ ಉಪ್ಪುನೀರಿನ ದ್ರಾವಣ) ಮೂರು ಸಲ ತೊಳೆದು, ರಾತ್ರಿಯಿಡೀ ಸೀರಮ್ ಇರುವ ಮೀಡಿಯಂನಲ್ಲಿಡಿ. ಆಮೇಲೆ ಕೋಶಗಳು ಒತ್ತಾಗಿರುವ ಗಟ್ಟಿ ಸಸ್ಪೆನ್ಷನ್ ಸ್ವಲ್ಪವೇ ಹಾಕಿ, ಎರಡು ಗಂಟೆ ಇನ್‌ಕ್ಯುಬೇಟರ್‌ನಲ್ಲಿ ಬಿಟ್ಟು, ಒಣಗದಂತೆ ನೋಡಿಕೊಂಡು, ಉಳಿದ ಮೀಡಿಯಂ ಪಕ್ಕದಿಂದ ಸುರಿಯಿರಿ.