ಕ್ಯಾಟ್ ಇಂಗ್ಲಿಷ್: ಎಲ್ಲ ಪ್ರಶ್ನೆಗೂ ಕೈ ಹಾಕಬೇಡಿ

ಪ್ರಶ್ನೆ: ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಇಲ್ಲೇ ಎಂಜಿನಿಯರಿಂಗ್. ಐಐಎಂಗಳ ಎಂಬಿಎ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ಗೆ ಓದುತ್ತಿದ್ದೇನೆ. ಲೆಕ್ಕದಲ್ಲಿ ತೊಂದರೆಯಿಲ್ಲ. ಇಂಗ್ಲಿಷ್ ವಿಭಾಗದಲ್ಲಿ ಮಾತ್ರ ಮಾಕ್ ಟೆಸ್ಟ್‌ನಲ್ಲಿ 72ಕ್ಕೆ 11 ದಾಟುತ್ತಿಲ್ಲ. 24 ಪ್ರಶ್ನೆಗಳಿಗೂ ಉತ್ತರಿಸುತ್ತೇನೆ. ಪ್ಯಾಸೇಜ್‌ಗಳ 16 ಪ್ರಶ್ನೆಗಳಲ್ಲಿ 5 ಸರಿಯಾಗುತ್ತವೆ. ದಿನಕ್ಕೆ 30 ಪದ ಬಾಯಿಪಾಠ ಮಾಡಿದರೂ ಅಂಕ ಏರಿಲ್ಲ.
– ಓದುಗರು, ತುಮಕೂರು

ಉತ್ತರ: ಮೊದಲು ನಿಮ್ಮ ಅಂಕಗಳ ಲೆಕ್ಕ ನೋಡೋಣ. ಸರಿಯಾದ 5ಕ್ಕೆ 15 ಅಂಕ, ತಪ್ಪಿದ 11ಕ್ಕೆ 11 ಕಡಿತ; ಉಳಿದದ್ದು 4. ನಾಲ್ಕು ಆಯ್ಕೆಗಳಿರುವಾಗ ಪ್ಯಾಸೇಜ್ ಓದದೆ ಕಣ್ಣುಮುಚ್ಚಿ ಗುರುತು ಹಾಕಿದರೂ 16ರಲ್ಲಿ ಸುಮಾರು 4 ಸರಿಹೋಗುತ್ತವೆ. ಅಂದರೆ ನೀವು ಅಷ್ಟು ಹೊತ್ತು ಓದಿದ್ದು ಉತ್ತರಕ್ಕೆ ಹೆಚ್ಚೇನೂ ನೆರವಾಗಿಲ್ಲ. 40 ನಿಮಿಷದಲ್ಲಿ ನಾಲ್ಕು ಪ್ಯಾಸೇಜ್ ಮುಗಿಸುವ ಆತುರವೇ ಇದಕ್ಕೆ ಕಾರಣ. ಮುಂದಿನ ಆರು ಮಾಕ್‌ಗಳಲ್ಲಿ ಮೂರೇ ಪ್ಯಾಸೇಜ್ ತೆಗೆದುಕೊಳ್ಳಿ, ಒಂದಕ್ಕೆ 9 ನಿಮಿಷ ಕೊಡಿ. ಆ 12 ಪ್ರಶ್ನೆಗಳಲ್ಲಿ 10ಕ್ಕೆ ಉತ್ತರಿಸಿ 7 ಸರಿಯಾದರೆ 18 ಅಂಕ ಬರುತ್ತದೆ. ಉಳಿದ 13 ನಿಮಿಷದಲ್ಲಿ ಎರಡು ಪ್ಯಾಸೇಜ್ ಆರಿಸಲು, 11 ಬೇರೆ 8 ಪ್ರಶ್ನೆಗಳಿಗೆ. ಯಾವ ಪ್ಯಾಸೇಜ್ ಬಿಡಬೇಕು ಎನ್ನುವುದನ್ನು ನಾಲ್ಕರ ಮೊದಲ ಪ್ಯಾರಾ ಓದಿ, ಎರಡು ನಿಮಿಷದೊಳಗೆ ತೀರ್ಮಾನಿಸಿ.

ಪದಗಳ ಬಾಯಿಪಾಠ ಇಂದೇ ನಿಲ್ಲಿಸಿ. ಪದದ ಅರ್ಥವನ್ನೇ ನೇರವಾಗಿ ಕೇಳುವ ಪ್ರಶ್ನೆಗಳು ಇತ್ತೀಚಿನ ಕ್ಯಾಟ್‌ನಲ್ಲಿಲ್ಲ. ಕನ್ನಡದಲ್ಲಿ ಓದಿ ಬಂದವರನ್ನು ನಿಜವಾಗಿ ಕಾಡುವುದು ವಾಕ್ಯದ ಕಟ್ಟು. ನಮ್ಮ ಭಾಷೆಯಲ್ಲಿ ವಿವರಣೆ ಮೊದಲು ಬರುತ್ತದೆ, ಕ್ರಿಯಾಪದ ಕೊನೆಗೆ. ಇಂಗ್ಲಿಷ್‌ನಲ್ಲಿ ಕರ್ತೃ ಮುಂದೆ ನಿಂತು, 'ವಿಚ್', 'ಹೂ' ಎಂದು ಎರಡು ಸಾಲು ವಿವರಣೆ ನಡುವೆ ನುಗ್ಗಿ, ಕ್ರಿಯಾಪದ ಎಲ್ಲೋ ಆಚೆ ಸಿಗುತ್ತದೆ. ಮನಸ್ಸಿನಲ್ಲೇ ಅನುವಾದಿಸುತ್ತಾ ಹೋದವರು ಆ ನಡುವಿನಲ್ಲಿ ದಾರಿ ತಪ್ಪುತ್ತಾರೆ. ದಿನಕ್ಕೆ ಹತ್ತು ಉದ್ದ ವಾಕ್ಯ ಆರಿಸಿ, ಕರ್ತೃ ಮತ್ತು ಮುಖ್ಯ ಕ್ರಿಯಾಪದಕ್ಕೆ ಮಾತ್ರ ಅಡಿಗೆರೆ ಎಳೆಯಿರಿ. ಮೂರು ವಾರ ಬಿಡದೆ ಮಾಡಿ. 'ಫ್ಯೂ' ಎಂದರೆ ಇಲ್ಲವೆನ್ನುವಷ್ಟು ಕಡಿಮೆ, 'ಎ ಫ್ಯೂ' ಎಂದರೆ ಕೆಲವು. 'ಹಾರ್ಡ್‌ಲಿ' ಬಂದರೆ ವಾಕ್ಯದ ಅರ್ಥ ನಿಷೇಧಕ್ಕೆ ತಿರುಗುತ್ತದೆ. ಇಂಥ ಸಣ್ಣ ಪದಗಳನ್ನು ಗಮನಿಸದಿದ್ದರೆ ಲೇಖಕರ ನಿಲುವೇ ತಲೆಕೆಳಗಾಗಿ ಕಾಣುತ್ತದೆ.

ಇನ್ನು ಆಯ್ಕೆಗಳ ವಿಚಾರ. ಒಂದು ಪ್ಯಾಸೇಜ್‌ನ ಸಾರ ಹೀಗಿದೆ ಎಂದುಕೊಳ್ಳಿ: 'ಈ ಊರುಗಳಲ್ಲಿ ರಾಗಿಮುದ್ದೆ ಕಡಿಮೆಯಾದದ್ದಕ್ಕೆ ರುಚಿ ಕಾರಣವಲ್ಲ. ಅಗ್ಗದ ಅಕ್ಕಿ ಕೈಗೆ ಸಿಕ್ಕಿದ್ದು ಒಂದು ಕಾರಣ.' ಲೇಖಕರು ಯಾವುದನ್ನು ಒಪ್ಪುತ್ತಾರೆ ಎಂಬ ಪ್ರಶ್ನೆಗೆ ನಾಲ್ಕು ಆಯ್ಕೆ. ಒಂದು, ರಾಗಿ ಆರೋಗ್ಯಕ್ಕೆ ಒಳ್ಳೆಯದು. ಎರಡು, ಅಗ್ಗದ ಅಕ್ಕಿಯೊಂದೇ ಕಾರಣ. ಮೂರು, ಜನಕ್ಕೆ ಮುದ್ದೆ ರುಚಿಸದಾಯಿತು. ನಾಲ್ಕು, ಬೆಲೆ ಊಟದ ರೂಢಿಯನ್ನು ಬದಲಿಸಬಲ್ಲದು. ಮೊದಲನೆಯದು ನಿಜವೇ, ಆದರೆ ಪ್ಯಾಸೇಜ್‌ನಲ್ಲಿಲ್ಲ. ತುಮಕೂರು ಸೀಮೆಯವರು ಮೊದಲು ಗುರುತು ಹಾಕುವುದು ಇದಕ್ಕೇ! ಎರಡನೆಯದು 'ಒಂದು ಕಾರಣ'ವನ್ನು 'ಒಂದೇ ಕಾರಣ' ಮಾಡಿದೆ. ಮೂರನೆಯದು ಲೇಖಕರ ಮಾತನ್ನು ತಿರುಗಿಸಿದೆ. ಉಳಿದ ನಾಲ್ಕನೆಯದೇ ಉತ್ತರ. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಒಂದು ನೋಟ್‌ಬುಕ್‌ನಲ್ಲಿ 'ಹೊರಗಿನದು', 'ಅತಿಯಾದದ್ದು', 'ತಿರುಗಿದ್ದು' ಎಂದು ಬರೆಯಿರಿ. ಇಡೀ ಪ್ಯಾಸೇಜ್‌ನ ಸಾರ ಕೇಳಿದಾಗ ಒಂದೇ ಪ್ಯಾರಾದ ವಿಷಯಕ್ಕೆ ಗುರುತು ಹಾಕಿದ್ದರೆ 'ತುಂಡು' ಎಂದು ಬರೆಯಿರಿ. ಐವತ್ತು ತಪ್ಪು ಸೇರುವ ಹೊತ್ತಿಗೆ ನಿಮ್ಮ ಚಾಳಿ ಯಾವುದೆಂದು ಆ ನೋಟ್‌ಬುಕ್ಕೇ ಹೇಳುತ್ತದೆ.

ಅಭ್ಯಾಸಕ್ಕೆ ಹಿಂದಿನ ನಿಜ ಪ್ರಶ್ನೆಪತ್ರಿಕೆಗಳೇ ಬೇಕು. 2021ರಿಂದ 2024ರವರೆಗೆ ವರ್ಷಕ್ಕೆ ಮೂರು ಸ್ಲಾಟ್ (ಪರೀಕ್ಷೆಯ ಬೇರೆ ಬೇರೆ ಅವಧಿ), ಸ್ಲಾಟಿಗೆ ನಾಲ್ಕು ಪ್ಯಾಸೇಜ್, ಒಟ್ಟು 48. ದಿನಕ್ಕೊಂದು ಸಾಕು. ಬಿಡಿಸಲು 9 ನಿಮಿಷವಾದರೆ, ಉಳಿದ ಮೂರು ಆಯ್ಕೆ ಏಕೆ ತಪ್ಪು ಎಂದು ಬರೆಯಲು 30 ನಿಮಿಷ ಇಟ್ಟುಕೊಳ್ಳಿ. ಈ ಎರಡನೇ ಭಾಗ ಬಿಟ್ಟವರಿಗೆ ನೂರು ಪ್ಯಾಸೇಜ್ ಮುಗಿಸಿದರೂ ಅಂಕ ಕದಲುವುದಿಲ್ಲ. ಇದನ್ನು ಒತ್ತಿ ಹೇಳುತ್ತೇವೆ.

ಪ್ರಶ್ನೆ: ಕಲಸಿಕೊಟ್ಟ ವಾಕ್ಯಗಳನ್ನು ಕ್ರಮಕ್ಕೆ ಜೋಡಿಸುವ ಪ್ಯಾರಾ ಜಂಬಲ್ ಒಂದೂ ಸರಿಯಾಗುತ್ತಿಲ್ಲ. ಬಿಟ್ಟುಬಿಡಲೇ?
– ಓದುಗರು, ತಿಪಟೂರು

ಉತ್ತರ: ಬಿಡಬೇಡಿ. ಕ್ರಮಸಂಖ್ಯೆಯನ್ನು ಟೈಪ್ ಮಾಡುವ ಈ ಪ್ರಶ್ನೆಗಳಿಗೆ ತಪ್ಪಾದರೆ ಅಂಕ ಕಡಿತವಿಲ್ಲ, ಆದ್ದರಿಂದ ಖಾಲಿ ಬಿಡುವುದು ನಷ್ಟ. ಮೊದಲ ವಾಕ್ಯ ಯಾವುದೆಂದು ಹುಡುಕುತ್ತಾ ಕೂರುವುದೇ ಹೆಚ್ಚಿನವರು ಮಾಡುವ ತಪ್ಪು. ಅದಕ್ಕೂ ಮುಂಚೆ ಒಂದಕ್ಕೊಂದು ಅಂಟುವ ಜೋಡಿ ಹುಡುಕಿ. ಇಂಗ್ಲಿಷ್‌ನ 'ಎ', 'ದ' ನಮ್ಮ ಭಾಷೆಯಲ್ಲಿ ಇಲ್ಲದ್ದರಿಂದ ನಮ್ಮ ಕಣ್ಣು ಅವನ್ನು ದಾಟಿ ಹೋಗುತ್ತದೆ. ಒಂದು ವಾಕ್ಯದಲ್ಲಿ 'ಎ ಥಿಯರಿ', ಇನ್ನೊಂದರಲ್ಲಿ 'ದ ಥಿಯರಿ' ಇದ್ದರೆ ಸಾಮಾನ್ಯವಾಗಿ 'ಎ' ಇರುವುದೇ ಮೊದಲು. 'ದಿಸ್', 'ಸಚ್', 'ದೇ' ಇರುವ ವಾಕ್ಯದ ಹಿಂದೆ ಅದು ಸೂಚಿಸುವ ವಿಷಯ ಇರಲೇಬೇಕು. ನಾಲ್ಕು ವಾಕ್ಯಗಳಲ್ಲಿ ಒಂದು ಜೋಡಿ ಗಟ್ಟಿಯಾದರೆ 24 ಸಾಧ್ಯತೆಗಳು 6ಕ್ಕೆ ಇಳಿಯುತ್ತವೆ. ಎರಡು ನಿಮಿಷ ಮೀರಿದರೆ ತೋಚಿದ ಕ್ರಮ ತುಂಬಿ ಮುಂದೆ ಹೋಗಿ.

ಪ್ರಶ್ನೆ: ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತೇನೆ. ಮೊಬೈಲ್‌ನಲ್ಲಿ ಮಾಕ್ ಬರೆಯಬಹುದೇ?
– ಓದುಗರು, ಕ್ಯಾತ್ಸಂದ್ರ

ಉತ್ತರ: ಬೇಡ. ಪರೀಕ್ಷೆ ನಡೆಯುವುದು ಕಂಪ್ಯೂಟರ್‌ನಲ್ಲಿ. ದೊಡ್ಡ ಪರದೆಯಲ್ಲಿ ಪ್ಯಾಸೇಜ್ ಒಂದು ಪಕ್ಕ, ಪ್ರಶ್ನೆ ಇನ್ನೊಂದು ಪಕ್ಕ ಇರುತ್ತವೆ. ಆ ಅಭ್ಯಾಸ ಮೊಬೈಲ್‌ನಲ್ಲಿ ಆಗದು. ಹೋಗುವಾಗ ಸಾವಿರ ಪದದೊಳಗಿನ ಒಂದು ಪ್ರಬಂಧ ಓದಿ. ನಿಮಗೆ ಬೇಸರ ತರಿಸುವ ವಿಷಯವೇ ಇರಲಿ: ತತ್ತ್ವಶಾಸ್ತ್ರ, ಕಲೆಯ ಇತಿಹಾಸ, ಪರಿಸರ. ಓದಿದ್ದರ ಸಾರವನ್ನು ಮೂರು ಸಾಲಿನಲ್ಲಿ ಟೈಪ್ ಮಾಡಿ, ಕನ್ನಡದಲ್ಲಾದರೂ ಸರಿ. ಬರುವಾಗ ದಣಿವಿರುತ್ತದೆ, ತಪ್ಪುಗಳ ನೋಟ್‌ಬುಕ್ ತಿರುವಿ ಹಾಕಿದರೆ ಸಾಕು. ಮಾಕ್ ಭಾನುವಾರಕ್ಕಿರಲಿ, ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಸೈಬರ್ ಸೆಂಟರ್‌ನಲ್ಲಿ ಎರಡು ಗಂಟೆ ಕೂತು ಬರೆಯಿರಿ.