ಉಡುಗೊರೆಯಾಗಿ ಬಂದ ಮಷೀನು, ಅದರಲ್ಲೊಂದು ಕೌದಿ

ಪ್ರಶ್ನೆ: ಹೊಲಿಗೆ ಕಲಿಸಿದ ಅಕ್ಕೋರು ತಾವು ಕೌದಿ ಹೊಲಿಯುತ್ತಿದ್ದ ಕಾಲಿನಿಂದ ತುಳಿಯುವ ಕಪ್ಪು ಮಷೀನನ್ನು ನನಗೇ ಕೊಟ್ಟಿದ್ದಾರೆ. ದುಡ್ಡು ಬೇಡವೆಂದರು. ಬದಲಿಗೆ ರೇಷ್ಮೆ ಸೀರೆ ಕೊಡಲೇ?
– ಓದುಗರು, ಧಾರವಾಡ

ದುಡ್ಡು ಬೇಡ ಎಂದವರಿಗೆ ಅಷ್ಟೇ ಬೆಲೆಯ ಸೀರೆ ಕೊಟ್ಟರೆ ಲೆಕ್ಕ ಚುಕ್ತಾ ಮಾಡಿದಂತಾಗುತ್ತದೆ. ಆ ಮಷೀನಿನಲ್ಲೇ ಅವರಿಗೊಂದು ಕೌದಿ ಹೊಲಿದುಕೊಡಿ. ಅದು ಮುಗಿಯುವವರೆಗೆ ಸುಮ್ಮನೂ ಇರಬೇಡಿ; ಈ ವಾರವೇ ಹೋಗಿ, 'ಅಕ್ಕೋರ, ಮಷೀನ್ ಚಲೋ ನಡದೈತ್ರಿ, ಅಂಚು ಕಟ್ಟೂದು ಒಮ್ಮೆ ತೋರಸ್ರಿ' ಅನ್ನಿ. ಕೊಟ್ಟ ವಸ್ತು ಕೆಲಸಕ್ಕೆ ಬಿದ್ದಿದೆ ಎಂದು ಕೇಳುವಷ್ಟು ಸಂತೋಷ ಅವರಿಗೆ ಬೇರೆ ಯಾವುದರಿಂದಲೂ ಆಗದು.

ಅವರದೇ ಹಳೆಯ, ಮೆತ್ತಗಾದ ಕಾಟನ್ ಸೀರೆಯೊಂದನ್ನು ಕೇಳಿ ಪಡೆಯಿರಿ. ಐದೂವರೆ ಮೀಟರಿನಲ್ಲಿ ಒಂದೂವರೆ ಮೀಟರಿನ ಮೂರು ತುಂಡು ಬರುತ್ತವೆ: ಒಂದು ತಳಕ್ಕೆ, ಎರಡು ಒಳಪದರಕ್ಕೆ. ಉಳಿದ ಒಂದು ಮೀಟರಿನಲ್ಲಿ ಎರಡೂವರೆ ಇಂಚು ಅಗಲದ ಆರು ಪಟ್ಟಿ ಕತ್ತರಿಸಿದರೆ ಅಂಚಿಗೆ ಸಾಕು. ಮೇಲ್ಪದರಕ್ಕೆ ಬಣ್ಣದ ಚೂರುಗಳು. ಜರಿ ಇದ್ದ ಭಾಗ ಬಿಡಿ, ದಾರ ತುಂಡಾಗುತ್ತದೆ. ಎಲ್ಲವನ್ನೂ ಮೊದಲೇ ಒಗೆದು ಗಂಜಿ ತೆಗೆಯಿರಿ. ಬಣ್ಣ ಬಿಡುವ ಬಟ್ಟೆ ಆಗಲೇ ಗೊತ್ತಾಗುತ್ತದೆ.

ಪ್ರಶ್ನೆ: ಇಂಥದೇ ಹಳೆ ಮಷೀನು ನಮ್ಮ ಅತ್ತೆಯವರು ಕೊಟ್ಟರು. ಚಕ್ರ ಬಿಗಿ, ಬಟ್ಟೆಯ ಕೆಳಗೆ ದಾರ ಗೂಡು ಕಟ್ಟುತ್ತದೆ. ಕೆಳದಾರ ಸುತ್ತುವ ಬಾಬಿನ್ ಕೆಟ್ಟಿದೆಯೇ?
– ಓದುಗರು, ಗದಗ

ಬಿಗಿಯಾಗಿರುವುದು ಹಳೆಯ ಎಣ್ಣೆ ಒಣಗಿ ಅಂಟಾದ ಕಾರಣಕ್ಕೆ. ಬೆಲ್ಟ್ ಕಳಚಿ, ಎಣ್ಣೆಯ ತೂತುಗಳಿಗೂ ಬಾಬಿನ್ ಕೂರುವ ಷಟಲ್ ಸುತ್ತಲೂ ಎರಡೆರಡು ಹನಿ ಸೀಮೆಎಣ್ಣೆ ಬಿಡಿ. ಕೈಯಿಂದ ಚಕ್ರ ತಿರುಗಿಸಿ, ಕರಗಿ ಬಂದ ಕೊಳೆ ಒರೆಸಿ, ಆಮೇಲೆ ಮಷೀನ್ ಎಣ್ಣೆ ಹಾಕಿ. ಕೊಬ್ಬರಿ ಎಣ್ಣೆ ಖಂಡಿತ ಬೇಡ: 24 ಡಿಗ್ರಿ ಆಸುಪಾಸಿನಲ್ಲೇ ಅದು ಗಟ್ಟಿಯಾಗುತ್ತದೆ, ಚಳಿಗಾಲದ ಬೆಳಿಗ್ಗೆ ಮಷೀನು ಅಲುಗದು.

ಕೆಳಗೆ ಗೂಡು ಕಟ್ಟಿದರೆ ಎಲ್ಲರೂ ಬಾಬಿನ್ ಕಡೆಗೇ ನೋಡುತ್ತಾರೆ. ತಪ್ಪು ಹೆಚ್ಚಾಗಿ ಮೇಲಿನ ದಾರದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ ಕೆಳಗಿಳಿಸಿಕೊಂಡು ದಾರ ಪೋಣಿಸಿದರೆ, ದಾರವನ್ನು ಬಿಗಿಹಿಡಿಯುವ ಟೆನ್ಶನ್ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಅವುಗಳ ನಡುವೆ ಕೂರುವುದೇ ಇಲ್ಲ. ಫುಟ್ ಎತ್ತಿ ಮತ್ತೆ ಪೋಣಿಸಿ. ಹೊಲಿಗೆ ತಪ್ಪುತ್ತಿದ್ದರೆ ಹೊಸ 16 ನಂಬರ್ ಸೂಜಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ ಬಿಗಿ ಮಾಡಿ. ಉದ್ದನೆಯ ಗೀರು ದಾರ ಒಳಹೋಗುವ ಕಡೆಗೇ ಇರಬೇಕು.

ಪ್ರಶ್ನೆ: ಕೈಯಿಂದ ಹೊಲಿದ ಕೌದಿ ಸಪಾಟಾಗಿ ಬರುತ್ತದೆ, ಮಷೀನಿನದು ಸುಕ್ಕುಗಟ್ಟುತ್ತದೆ. ಏಕೆ?
– ಓದುಗರು, ಯಲ್ಲಾಪುರ

ನಿಮ್ಮ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಕೈಸೂಜಿ ಬಟ್ಟೆಯನ್ನು ತಳ್ಳುವುದಿಲ್ಲ, ಹಾಗಾಗಿ ಅದು ಸರಿಹೋಗುತ್ತದೆ. ಫುಟ್ ಕೆಳಗಿರುವ ಮಷೀನಿನ ಹಲ್ಲುಗಳು ತಳದ ಬಟ್ಟೆಯನ್ನು ಎಳೆಯುತ್ತವೆ, ಮೇಲಿನದನ್ನು ಫುಟ್ ತಡೆಯುತ್ತದೆ. ಪ್ರತಿ ಸಾಲಿಗೂ ಮೇಲ್ಪದರ ಸ್ವಲ್ಪ ಸ್ವಲ್ಪ ಮುಂದಕ್ಕೆ ಜರುಗಿ, ಹೆಚ್ಚುವರಿ ಬಟ್ಟೆ ನಡುವೆ ಸಿಕ್ಕಿಕೊಂಡು ಸುಕ್ಕಾಗುತ್ತದೆ. ಆದ್ದರಿಂದ ಮಷೀನಿನಲ್ಲಿ ನಡುವಿನಿಂದ ಹೊರಕ್ಕೆ ಹೊಲಿಯಿರಿ. ನಾಲ್ಕು ಇಂಚಿಗೊಂದು ಸೇಫ್ಟಿ ಪಿನ್ ಹಾಕಿ, ಫುಟ್ ಒತ್ತಡದ ತಿರುಪನ್ನು ಒಂದೆರಡು ಸುತ್ತು ಸಡಿಲಿಸಿ, ಇಂಚಿಗೆ 8ರಿಂದ 10 ಹೊಲಿಗೆ ಇಡಿ.

ವಾಕಿಂಗ್ ಫುಟ್ ಮೇಲ್ಪದರವನ್ನೂ ಜೊತೆಗೇ ಸಾಗಿಸುತ್ತದೆ; ಕೊಂಡರೆ ಒಳ್ಳೆಯದು. ಆದರೆ ಮೊದಲು ಅಳೆಯಿರಿ: ಫುಟ್ ಇಳಿಸಿದಾಗ ಸೂಜಿ ಇಳಿಯುವ ತಟ್ಟೆಯಿಂದ ಫುಟ್ ಬಿಗಿಯುವ ತಿರುಪಿನ ನಡುವಿಗೆ ಸುಮಾರು ಮುಕ್ಕಾಲು ಇಂಚಿದ್ದರೆ 'ಲೋ ಶ್ಯಾಂಕ್' (ಗಿಡ್ಡ ಕಾಲಿನ) ಫುಟ್ ಕೇಳಿ. ಕಪ್ಪು ಮನೆಮಷೀನಿಗೆ ಸಾಮಾನ್ಯವಾಗಿ ಅದೇ ಹೊಂದುತ್ತದೆ.