ಓಬಿ, ಎಥಿಕ್ಸ್ ಕೇಸ್ ಸ್ಟಡಿಯಲ್ಲಿ ಅಂಕ ಎಲ್ಲಿ ಹೋಗುತ್ತದೆ?

ನೀವು ಕೇಳಿದ್ದು ಇದು: ಹಾಸನದಲ್ಲಿ ಬಿಬಿಎ ಓದುತ್ತಿದ್ದೇನೆ, ಥಿಯರಿಗಳೆಲ್ಲ ಬಾಯಿಪಾಠ, ಆದರೂ ಆರ್ಗನೈಸೇಷನಲ್ ಬಿಹೇವಿಯರ್ (ಓಬಿ) ಮತ್ತು ಬಿಸಿನೆಸ್ ಎಥಿಕ್ಸ್ ಕೇಸ್ ಸ್ಟಡಿಗೆ ಅಂಕ ಬರುತ್ತಿಲ್ಲ, ಹೇಗೆ ಓದಲಿ?

ಕೆಲಸದ ಪ್ರೇರಣೆಯ ಥಿಯರಿಗಳನ್ನು ಮಾಸ್ಲೊ 1943, ಹರ್ಜ್‌ಬರ್ಗ್ 1959, ಮೆಕ್‌ಗ್ರೆಗರ್ 1960 ಎಂದು ಸಾಲಾಗಿ ಬರೆದು, ಕೇಸಿನಲ್ಲಿರುವ ಮನುಷ್ಯರನ್ನು ಮರೆತುಬಿಟ್ಟರೆ ಅಂಕ ಹೋಗುವುದೇ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ಕೆಲಸದ ಜಾಗ ಹಿಡಿಯಿರಿ. ಇಡೀ ಸೆಮಿಸ್ಟರ್ ಪ್ರತಿ ಥಿಯರಿಯನ್ನೂ ಅದಕ್ಕೇ ಹಚ್ಚಿ ನೋಡಿ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯವರಾದರೆ ಕಾಫಿ ತೋಟವೇ ಸಾಕು.

ಕೊಯ್ಲಿನ ಕಾಲ ನೋಡಿ. ಕೂಲಿ ಕೆಜಿ ಲೆಕ್ಕದಲ್ಲಿದ್ದರೆ, ಗೊಂಚಲಿನಲ್ಲಿದ್ದದ್ದನ್ನೆಲ್ಲ ಒಟ್ಟಿಗೆ ಎಳೆದು ಹಾಕಿದವರ ಚೀಲ ಬೇಗ ತುಂಬುತ್ತದೆ, ಹಣ್ಣನ್ನಷ್ಟೇ ಆರಿಸಿದವರಿಗೆ ಕೂಲಿ ಕಡಿಮೆ. ಹಾಗಾಗಿ ಹಣ್ಣಿನ ಜೊತೆ ಹಸಿರು ಕಾಯಿಯೂ ಬರುತ್ತದೆ. ಕಾಯಿಯ ಸಿಪ್ಪೆ ಪಲ್ಪರ್‌ನಲ್ಲಿ, ಅಂದರೆ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದಲ್ಲಿ, ಸರಿಯಾಗಿ ಸುಲಿಯುವುದಿಲ್ಲ. ಅದನ್ನು ಬೇರೆ ಮಾಡಿ ಚೆರಿಯಾಗಿ (ಸಿಪ್ಪೆ ಸಮೇತ) ಒಣಗಿಸಬೇಕು, ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಕಾಫಿ) ಆಗಬೇಕಿದ್ದ ಬೆಳೆ ಕೈ ತಪ್ಪುತ್ತದೆ. ಇಲ್ಲಿ ‘ಕೆಲಸಗಾರರಿಗೆ ಶ್ರದ್ಧೆ ಇಲ್ಲ, ತಿಳಿವಳಿಕೆ ಹೇಳಬೇಕು’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಮಾಲೀಕರು ಬಯಸುವುದು ಹಣ್ಣು, ದುಡ್ಡು ಕೊಡುತ್ತಿರುವುದು ತೂಕಕ್ಕೆ. ಯಾವುದಕ್ಕೆ ಪ್ರತಿಫಲ ಸಿಗುತ್ತದೋ ಜನ ಅದನ್ನೇ ಮತ್ತೆ ಮಾಡುತ್ತಾರೆ ಎನ್ನುವ ರೀಇನ್‌ಫೋರ್ಸ್‌ಮೆಂಟ್ ಥಿಯರಿ ಬರಬೇಕಾದ್ದು ಇಲ್ಲಿ. ಪರಿಹಾರವೂ ಅಲ್ಲೇ ಇದೆ: ತೂಕ ಹಾಕುವಾಗ ಪ್ರತಿ ಚೀಲದಿಂದ ಒಂದು ಬೊಗಸೆ ತೆಗೆದು ಕಾಯಿ ಎಣಿಸಿ, ಕಡಿಮೆ ಇದ್ದವರಿಗೆ ಕೆಜಿಗೆ ಇಷ್ಟು ಹೆಚ್ಚು ಎಂದು ಮೊದಲೇ ಹೇಳಿಡುವುದು. ದಿನಗೂಲಿ ಮಾಡಿದರೆ ಕಾಯಿ ತಗ್ಗುತ್ತದೆ, ಆದರೆ ತೂಕವೂ ತಗ್ಗಬಹುದು, ಮೇಸ್ತ್ರಿ ಕೆಲಸಗಾರರ ಹಿಂದೆಯೇ ನಿಲ್ಲಬೇಕಾಗುತ್ತದೆ. ಈ ನಷ್ಟವನ್ನೂ ಬರೆಯಿರಿ.

ಹೆಚ್ಚು ಜನ ಎಡವುವುದು ಹರ್ಜ್‌ಬರ್ಗ್‌ನಲ್ಲಿ. ಕೂಲಿ, ಲೈನ್ ಮನೆ (ಕೆಲಸಗಾರರಿಗೆ ತೋಟದಲ್ಲಿರುವ ಸಾಲು ಮನೆ), ಮೇಸ್ತ್ರಿಯ ಬಾಯಿ, ಇವೆಲ್ಲ ಹೈಜೀನ್ ಅಂಶಗಳು. ಸರಿಪಡಿಸಿದರೆ ಅಸಮಾಧಾನ ಹೋಗುತ್ತದೆ, ಅಷ್ಟೇ; ಉತ್ಸಾಹ ಹುಟ್ಟುವುದು ಮನ್ನಣೆ, ಜವಾಬ್ದಾರಿಗಳಿಂದ. ಆತ ಅಧ್ಯಯನ ಮಾಡಿದ್ದು ಅಮೆರಿಕದ ಎಂಜಿನಿಯರ್‌ಗಳನ್ನು ಮತ್ತು ಅಕೌಂಟೆಂಟ್‌ಗಳನ್ನು. ಅಂದಂದಿನ ಕೂಲಿಯಲ್ಲೇ ಬದುಕುವವರಿಗೆ ಅದು ಹಾಗೇ ಹೊಂದುತ್ತದೆಯೇ ಎಂದು ಒಂದು ಸಾಲು ಪ್ರಶ್ನಿಸಿ. ಯೋಚಿಸಿ ಬರೆದ ಉತ್ತರ ಎಂದು ಮೌಲ್ಯಮಾಪಕರಿಗೆ ಗೊತ್ತಾಗುವುದು ಅಂಥ ಸಾಲಿನಿಂದ.

ಎಥಿಕ್ಸ್‌ಗೂ ಅದೇ ತೋಟ. ರೈಟರು (ತೋಟದ ಲೆಕ್ಕ ಬರೆಯುವವರು) ಚೀಲದ ತೂಕವೆಂದು ಪ್ರತಿ ಸಲ 2 ಕೆಜಿ ಕಳೆಯುತ್ತಾರೆ, ಖಾಲಿ ಚೀಲ ಅಷ್ಟು ತೂಗುವುದಿಲ್ಲ ಎಂದಿಟ್ಟುಕೊಳ್ಳಿ. ಮೊದಲು ಗೊತ್ತಿರುವುದನ್ನೂ ಊಹೆಯನ್ನೂ ಬೇರೆ ಮಾಡಿ: ಕಡಿತ ಮಾಲೀಕರ ಆದೇಶವೋ, ರೈಟರದ್ದೇ ಕೆಲಸವೋ? ಆಮೇಲೆ ಯಾರಿಗೆ ಎಷ್ಟು ನಷ್ಟ, ಕೂಲಿ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯುತ್ತದೆಯೇ ನೋಡಿ. ‘ಎಲೆ, ಕಡ್ಡಿ ಸೇರಿರುತ್ತದೆ, ಅದಕ್ಕೇ ಕಡಿತ’ ಎಂಬ ವಾದವನ್ನೂ ನ್ಯಾಯವಾಗಿ ಎದುರಿಸಿ. ಜರ್ಮನ್ ತತ್ವಜ್ಞಾನಿ ಕ್ಯಾಂಟ್‌ನ ವಿಚಾರ ಇಲ್ಲಿ ನೆರವಿಗೆ ಬರುತ್ತದೆ: ಎಲ್ಲರ ಮುಂದೆ ಹೇಳಿ ಮಾಡಿದ ಕಡಿತದ ಬಗ್ಗೆ ಚರ್ಚೆ ಸಾಧ್ಯ, ಮುಚ್ಚಿಟ್ಟು ಮಾಡಿದ್ದು ಮೋಸ. ಕೊನೆಗೆ ಒಂದೇ ನಿರ್ಧಾರ ಹೇಳಿ, ಯಾರು ಯಾವಾಗ ಏನು ಮಾಡಬೇಕೆಂದು ಬರೆಯಿರಿ. ರೈಟರನ್ನು ಕೆಲಸದಿಂದ ತೆಗೆಯಬೇಕು ಎಂಬಲ್ಲಿಗೆ ನಿಲ್ಲಿಸಿದರೆ ಕಡಿಮೆ ಸಿಕ್ಕ ಕೂಲಿಯ ಮಾತೇ ಬಿಟ್ಟುಹೋಗುತ್ತದೆ.

ಕಾನೂನಿನಲ್ಲಿ ಕೆಲವು ಅಂಕಿ ತಪ್ಪಬಾರದು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ನೌಕರರಿದ್ದರೆ ಆಂತರಿಕ ಸಮಿತಿ ಕಡ್ಡಾಯ, ವಿಚಾರಣೆಗೆ 90 ದಿನ. ಕಂಪನಿ ಕಾಯ್ದೆಯ 135ನೇ ಸೆಕ್ಷನ್‌ನ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಜವಾಬ್ದಾರಿ) ಖರ್ಚು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2, ಆ ವರ್ಷದ ಲಾಭದ್ದಲ್ಲ.

ಇಂಗ್ಲಿಷ್‌ನಲ್ಲಿ ಬರೆಯಬೇಕಾದರೆ ವಾದವನ್ನು ಮೊದಲು ಕನ್ನಡದಲ್ಲೇ ಐದಾರು ಸಾಲು ಗೀಚಿಕೊಳ್ಳಿ. ವಾರಕ್ಕೊಂದು ಕೇಸ್ ಹೀಗೆ ಬರೆದು ನಿಮ್ಮ ಮೇಷ್ಟ್ರಿಗೆ ತೋರಿಸಿ.